ತೂರ್ ಬೆಟ್ಟದ ತಪ್ಪಲಿನಲ್ಲಿ ಕಲಿತ ಪಾಠ

(ಜುಮಾ ಖುತ್ಬಾದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸತ್ಯವಿಶ್ವಾಸಿ ಸಹೋದರರೇ, ಮೊದಲು ನನಗೆ, ನಂತರ ನಿಮಗೆ ತಕ್ವಾದ ನೆನಪು ಮಾಡಿಕೊಡುತ್ತೇನೆ. ಅಲ್ಲಾಹನನ್ನು ಭಯಪಡಿರಿ. ಮಸೀದಿಯೊಳಗೆ ಭಯಪಡುವಂತೆಯೇ ಮಸೀದಿಯ ಹೊರಗಿನ ರಸ್ತೆಯಲ್ಲೂ ಭಯಪಡಿರಿ.

ರಸ್ತೆ ಎಂದು ಯಾಕೆ ಹೇಳಿದೆನೆಂದರೆ, ಕಳೆದ ತಿಂಗಳು ಒಂದು ಶುಕ್ರವಾರ ನಮ್ಮ ಮಸೀದಿಯ ಎದುರಿನ ರಸ್ತೆಯಲ್ಲಿ ಒಂದು ಘಟನೆ ನಡೆಯಿತು. ನಿಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಆಗ ನಾವೆಲ್ಲ ಒಳಗೆ ಇದೇ ಸಾಲುಗಳಲ್ಲಿ ಕೂತಿದ್ದೆವು. ಆ ಘಟನೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮನ್ನು ಒಂದು ಬೆಟ್ಟದ ಬಳಿಗೆ ಕರೆದೊಯ್ಯಬೇಕಾಗಿದೆ. ಅಲ್ಲಾಹನು ಕುರ್‌ಆನಿನಲ್ಲಿ ಆಣೆಯಿಟ್ಟು ಹೇಳಿದ ಬೆಟ್ಟ ಅದು. ಒಂದು ಅಧ್ಯಾಯಕ್ಕೇ ಅದರ ಹೆಸರಿದೆ. ಅದುವೇ ತೂರ್, ತೂರ್ ಸೀನಾ.

ಮೊದಲ ಆಜ್ಞೆ

ಹ. ಮೂಸಾ(ಅ)ರ ಆ ರಾತ್ರಿಯನ್ನು ನೆನಪಿಸಿಕೊಳ್ಳಿ. ಮದ್‌ಯನ್‌ನಿಂದ ಕುಟುಂಬದೊಂದಿಗೆ ಮರಳುತ್ತಿದ್ದರು. ಕತ್ತಲೆ, ಚಳಿ, ದಾರಿಯೂ ಸರಿಯಾಗಿ ತಿಳಿಯದು. ದೂರದಲ್ಲಿ ಬೆಂಕಿ ಕಂಡಿತು. ಮನೆಯವರನ್ನು ಅಲ್ಲೇ ನಿಲ್ಲಿಸಿ, ಒಂದು ಕೊಳ್ಳಿಯನ್ನಾದರೂ ತರೋಣ, ಇಲ್ಲವೆ ದಾರಿ ತೋರಿಸುವವರಾದರೂ ಸಿಗಬಹುದು ಎಂದು ಹೊರಟರು. ಬೆಂಕಿಗಾಗಿ ಹೋದವರಿಗೆ ಪ್ರವಾದಿತ್ವ ಸಿಕ್ಕಿತು. ಸೂರಃ ತ್ವಾಹಾದಲ್ಲಿ ಈ ಪ್ರಸಂಗ ವಿವರವಾಗಿ ಬಂದಿದೆ. ಸೂರಃ ಅಲ್ ಕಸಸ್‌ನಲ್ಲಿ, ಕಣಿವೆಯ ಬಲಭಾಗದ ಆ ಅನುಗ್ರಹೀತ ಜಾಗದಲ್ಲಿ ಒಂದು ಮರದಿಂದ ಕರೆ ಬಂತೆಂಬ ವಿವರವಿದೆ.

ಈಗ ಒಂದು ವಿಷಯವನ್ನು ಗಮನಿಸಿ. ಅಲ್ಲಾಹನು ತಾನು ಯಾರೆಂದು ತಿಳಿಸಿದ ಕೂಡಲೇ ಕೊಟ್ಟ ಮೊದಲ ಆಜ್ಞೆ ಯಾವುದು? ತೌಹೀದ್‌ನ ಬೋಧನೆ ನಂತರ ಬಂತು. ನಮಾಝಿನ ಆಜ್ಞೆಯೂ ನಂತರ ಬಂತು. ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆ ಅದಕ್ಕೂ ನಂತರ. ಎಲ್ಲಕ್ಕಿಂತ ಮೊದಲು, ನೀನೀಗ ತುವಾ ಎಂಬ ಪವಿತ್ರ ಕಣಿವೆಯಲ್ಲಿರುವೆ, ನಿನ್ನ ಪಾದರಕ್ಷೆಗಳನ್ನು ಕಳಚು ಎಂಬ ಆಜ್ಞೆ ಬಂತು. ಮೊದಲು ಅದಬ್, ನಂತರ ಜವಾಬ್ದಾರಿ. ಯಾರಿಗೆ ಕಾಲಿನ ಅದಬ್ ತಿಳಿಯದೋ ಅವರಿಗೆ ನಾಲಗೆಯ ಕೆಲಸವನ್ನು ಒಪ್ಪಿಸುವುದು ಹೇಗೆ?

ಇದೇ ಪ್ರಸಂಗ ತೌರಾತ್‌ನಲ್ಲೂ ಇದೆ. ಯಹೂದಿಗಳು ಓದುತ್ತಾರೆ, ಕ್ರೈಸ್ತರೂ ಓದುತ್ತಾರೆ. ಪಾದರಕ್ಷೆ ಕಳಚುವ ಆಜ್ಞೆ ಅಲ್ಲಿಯೂ ಇದೆ. ಹಾಗಾಗಿ ಆ ಬೆಟ್ಟದ ಮೇಲೆ ನಮಗೆ ಮಾತ್ರ ಪ್ರೀತಿ ಇರುವುದಲ್ಲ.

ಬೆಟ್ಟ ಮತ್ತು ಮಠ

ಕೆಲವು ವರ್ಷಗಳ ಹಿಂದೆ ಒಂದು ಯಾತ್ರಾ ತಂಡದೊಂದಿಗೆ ಮಿಸ್ರ್‌ಗೆ ಹೋಗುವ ಅವಕಾಶ ಅಲ್ಲಾಹನು ಕೊಟ್ಟನು. ಈಗ ನಮ್ಮ ಊರುಗಳಿಂದಲೂ ಮಿಸ್ರ್, ಜೋರ್ಡಾನ್, ಬೈತುಲ್ ಮಕ್ದಿಸ್ ಎಂದು ತಂಡಗಳು ಹೋಗುತ್ತಿರುವುದು ನಿಮಗೆ ತಿಳಿದಿದೆ. ಕೈರೋದಿಂದ ಬಸ್ಸಿನಲ್ಲಿ ಸೂಯೆಜ್ ಕಾಲುವೆಯ ಅಡಿಯ ಸುರಂಗವನ್ನು ದಾಟಿ, ಮರಳು ಮುಗಿದು ಕೆಂಪು ಕಲ್ಲಿನ ಬೆಟ್ಟಗಳು ಆರಂಭವಾಗುವಲ್ಲಿಗೆ ನಾವು ತಲುಪಿದಾಗ ಸಂಜೆಯಾಗಿತ್ತು.

ಜನರು ಜಬಲ್ ಮೂಸಾ ಎಂದು ಕರೆಯುವ ಬೆಟ್ಟದ ಎತ್ತರ 2,285 ಮೀಟರ್. ಕುರ್‌ಆನ್ ಬೆಟ್ಟದ ನಕ್ಷೆ ಕೊಟ್ಟಿಲ್ಲ. ಶತಮಾನಗಳಿಂದ ಜನರು ಇದೇ ಆ ಬೆಟ್ಟವೆಂದು ನಂಬುತ್ತಾ ಬಂದಿದ್ದಾರೆ. ಬೆಟ್ಟದ ಬುಡದಲ್ಲಿ ಎತ್ತರದ ಗ್ರಾನೈಟ್ ಗೋಡೆಯೊಳಗೆ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತ ಸನ್ಯಾಸಿಗಳ ಮಠವಿದೆ. ಸಂತ ಕ್ಯಾಥರೀನ್ ಮಠವೆಂದು ಪ್ರಸಿದ್ಧ. ರೋಮ್ ಚಕ್ರವರ್ತಿ ಜಸ್ಟಿನಿಯನ್ ಆರನೇ ಶತಮಾನದಲ್ಲಿ ಅದನ್ನು ಕಟ್ಟಿಸಿದನು. ಅಂದರೆ ನಮ್ಮ ಪ್ರವಾದಿ(ಸ)ರ ಜನನದ ಹೊತ್ತಿಗೆ ಆ ಗೋಡೆಗಳು ನಿಂತಿದ್ದವು. ಅಂದಿನಿಂದ ಇಂದಿನವರೆಗೆ ಅಲ್ಲಿ ಸನ್ಯಾಸಿಗಳ ವಾಸ ನಿಂತಿಲ್ಲ. ಅಲ್ಲಿನ ಗ್ರಂಥಾಲಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಅವುಗಳಲ್ಲಿ ನೂರಾರು ಅರಬಿ ಭಾಷೆಯವು.

ಸಹೋದರರೇ, ಆ ಮಠದ ಒಳಗೆ ಒಂದು ಮಸೀದಿಯಿದೆ. ಚರ್ಚಿನ ಎದುರಿಗೇ ಇದೆ. ಗಂಟೆಗೋಪುರವೂ ಮಿನಾರವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಆ ಮಸೀದಿ ಫಾತಿಮೀ ಆಡಳಿತದ ಕಾಲದ್ದು. ಅದರ ಮರದ ಮಿಂಬರಿನ ಮೇಲೆ ಹಿಜರಿ 500, ಅಂದರೆ ಕ್ರಿ.ಶ. 1106ರ ಬರಹವಿದೆ. ಬೆಟ್ಟದ ತುದಿಯಲ್ಲೂ ಹಾಗೆಯೇ. ಹಳೆಯ ಚರ್ಚಿನ ಕಲ್ಲುಗಳನ್ನೇ ಬಳಸಿ 1934ರಲ್ಲಿ ಕಟ್ಟಿದ ಒಂದು ಸಣ್ಣ ಚರ್ಚ್, ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಸಣ್ಣ ಮಸೀದಿ.

ಬೆಟ್ಟ ಹತ್ತುವವರು ಸಾಮಾನ್ಯವಾಗಿ ನಡುರಾತ್ರಿಯ ನಂತರ ಹೊರಡುತ್ತಾರೆ. ಒಂದು ದಾರಿಯಲ್ಲಿ ಸನ್ಯಾಸಿಗಳು ಕಲ್ಲಿನಲ್ಲಿ ಕಟ್ಟಿದ ಮೂರೂವರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅದಕ್ಕೆ ತೌಬಾದ ಮೆಟ್ಟಿಲುಗಳೆಂದು ಹೆಸರು. ಇನ್ನೊಂದು ಒಂಟೆ ಹೋಗುವ ದಾರಿ. ಅದೂ ಕೊನೆಗೆ ಮೆಟ್ಟಿಲುಗಳಿಗೇ ಸೇರುತ್ತದೆ. ನಾವು ಎರಡನೆಯ ದಾರಿಯಲ್ಲಿ ಹೋದೆವು. ಮುಂದೆ ಹೋಗುತ್ತಿದ್ದ ಕ್ರೈಸ್ತರ ಗುಂಪು ಮೆಲುದನಿಯಲ್ಲಿ ಪ್ರಾರ್ಥನೆ ಹಾಡುತ್ತಿತ್ತು. ನಮ್ಮವರು ದಿಕ್ರ್ ಹೇಳುತ್ತಿದ್ದರು. ಮೆಟ್ಟಿಲುಗಳಲ್ಲಿ ಉಸಿರು ಕಟ್ಟಿದಾಗ ಎರಡೂ ಗುಂಪಿನ ಹಿರಿಯರು ಒಂದೇ ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡರು. ತುದಿಯಲ್ಲಿ ಫಜ್ರ್‌ನ ಹೊತ್ತಾಯಿತು. ನಾವು ನಮ್ಮ ನಮಾಝ್ ನಿರ್ವಹಿಸಿದೆವು, ಅವರು ಅವರ ಪ್ರಾರ್ಥನೆ ಸಲ್ಲಿಸಿದರು. ಸೂರ್ಯ ಎಲ್ಲರಿಗೂ ಒಂದೇ ಸಲ ಉದಯಿಸಿದ.

ಅಬೂಹುರೈರಾ(ರ)ರ ತೂರ್ ಪ್ರಯಾಣ

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಇಲ್ಲದಿದ್ದರೆ ನನ್ನ ಮಾತು ಅಪಾರ್ಥಕ್ಕೆ ದಾರಿಯಾದೀತು.

ಇಮಾಮ್ ಮಾಲಿಕ್(ರಹ)ರ ಮುವತ್ತಾದಲ್ಲಿ, ಅದೂ ಜುಮಾದ ಅಧ್ಯಾಯದಲ್ಲಿ, ಒಂದು ವರದಿಯಿದೆ. ಹ. ಅಬೂಹುರೈರಾ(ರ) ತೂರ್‌ಗೆ ಹೋಗಿದ್ದರು. ಅಲ್ಲಿ ಕಅಬುಲ್ ಅಹ್ಬಾರ್‌ರ ಭೇಟಿಯಾಯಿತು. ಅವರು ತೌರಾತ್‌ನ ವಿದ್ವಾಂಸರಾಗಿದ್ದು ಇಸ್ಲಾಮ್ ಸ್ವೀಕರಿಸಿದವರು. ಇಬ್ಬರೂ ಕೂತು ಮಾತನಾಡಿದರು. ಜುಮಾದ ದಿನದ ಶ್ರೇಷ್ಠತೆ ಮತ್ತು ಆ ದಿನ ಪ್ರಾರ್ಥನೆ ಸ್ವೀಕೃತವಾಗುವ ಒಂದು ಗಳಿಗೆಯ ಬಗ್ಗೆ ಪ್ರವಾದಿ(ಸ) ಹೇಳಿದ್ದನ್ನು ಅಬೂಹುರೈರಾ(ರ) ತಿಳಿಸಿದರು. ಅದು ವರ್ಷಕ್ಕೊಮ್ಮೆ ಬರುವ ಗಳಿಗೆಯಿರಬೇಕು ಎಂದರು ಕಅಬ್. ಅಲ್ಲ, ಪ್ರತಿ ಜುಮಾದಲ್ಲೂ ಎಂದರು ಅಬೂಹುರೈರಾ(ರ). ಕಅಬ್ ತೌರಾತ್ ಓದಿ ನೋಡಿ, ಪ್ರವಾದಿ(ಸ) ಹೇಳಿದ್ದೇ ಸತ್ಯ ಎಂದು ಒಪ್ಪಿಕೊಂಡರು.

ಮರಳುವಾಗ ಅಬೂಹುರೈರಾ(ರ)ರಿಗೆ ಬಸ್ರಾ ಬಿನ್ ಅಬೂ ಬಸ್ರಾ ಅಲ್ ಗಿಫಾರಿ(ರ) ಎದುರಾದರು. ಎಲ್ಲಿಂದ ಬರುತ್ತಿದ್ದೀರೆಂದು ಕೇಳಿದರು. ತೂರ್‌ನಿಂದ ಎಂದಾಗ, ನೀವು ಹೊರಡುವ ಮೊದಲು ನನಗೆ ಸಿಕ್ಕಿದ್ದರೆ ಹೋಗುತ್ತಿರಲಿಲ್ಲ ಎಂದು ಹೇಳಿ, ಮಸ್ಜಿದುಲ್ ಹರಾಮ್, ಮಸ್ಜಿದುನ್ನಬವಿ ಮತ್ತು ಬೈತುಲ್ ಮಕ್ದಿಸ್ ಈ ಮೂರು ಮಸೀದಿಗಳಿಗಲ್ಲದೆ ವಿಶೇಷ ಯಾತ್ರೆ ಕೈಗೊಳ್ಳಬಾರದೆಂಬ ಪ್ರವಾದಿ(ಸ)ರ ಮಾತನ್ನು ನೆನಪಿಸಿದರು.

ಆದ್ದರಿಂದ ಯಾತ್ರಾ ತಂಡದವರು ತೂರ್ ಸೀನಾ ಝಿಯಾರತ್‌ಗೆ ಇಷ್ಟು ಪುಣ್ಯವೆಂದು ಹೇಳಿದರೆ ಮರುಳಾಗಬೇಡಿ. ಅದು ಹಜ್ಜ್ ಅಲ್ಲ, ಉಮ್ರಾ ಅಲ್ಲ. ಉಳಿತಾಯದ ಹಣದಲ್ಲಿ ಹಜ್ಜ್ ಇನ್ನೂ ಬಾಕಿ ಇರುವವರು ಮೊದಲು ಹಜ್ಜ್ ನಿರ್ವಹಿಸಲಿ. ಅಲ್ಲಿಗೆ ಹೋಗುವವರು ಭೂಮಿಯಲ್ಲಿ ಸಂಚರಿಸಿ ಪಾಠ ಕಲಿಯುವವರಾಗಿ ಹೋಗಲಿ. ಕ್ರೈಸ್ತರಿಗೆ ಅದು ತೀರ್ಥಯಾತ್ರೆ. ನಮಗೆ ಅದು ಪಾಠದ ಜಾಗ. ಈ ವ್ಯತ್ಯಾಸ ಸಣ್ಣದಲ್ಲ. ಹ. ಈಸಾ(ಅ)ರ ಬಗ್ಗೆ ಅವರ ವಿಶ್ವಾಸವೂ ನಮ್ಮ ವಿಶ್ವಾಸವೂ ಬೇರೆ. ಸನ್ಯಾಸವನ್ನು ಅಲ್ಲಾಹನು ವಿಧಿಸಿಲ್ಲ, ಅವರೇ ಮಾಡಿಕೊಂಡದ್ದೆಂದು ಸೂರಃ ಅಲ್ ಹದೀದ್ ತಿಳಿಸುತ್ತದೆ. ನಮ್ಮ ತೌಹೀದ್ ಅನ್ನು ಯಾರನ್ನೋ ಮೆಚ್ಚಿಸಲು ತೆಳುಮಾಡಿಕೊಳ್ಳಬೇಕಾಗಿಲ್ಲ.

ಹಾಗಾದರೆ ಪ್ರಶ್ನೆ ಇದು: ವಿಶ್ವಾಸ ಬೇರೆ, ಆರಾಧನೆ ಬೇರೆ. ಹೀಗಿರುವಾಗ ಅವರ ಆರಾಧನಾಲಯದ ಬಗ್ಗೆ ನಮಗೇನಾದರೂ ಬಾಧ್ಯತೆ ಇದೆಯೇ?

ಕುರ್‌ಆನ್ ಹೆಸರಿಸಿದ ನಾಲ್ಕು ಕಟ್ಟಡಗಳು

ಸೂರಃ ಅಲ್ ಹಜ್ಜ್‌ನ 39 ಮತ್ತು 40ನೇ ವಚನಗಳನ್ನು ಮನೆಗೆ ಹೋಗಿ ಅರ್ಥಸಹಿತ ಓದಿರಿ. ಮಕ್ಕಾದಿಂದ ಹೊರಹಾಕಲ್ಪಟ್ಟ, ದೌರ್ಜನ್ಯಕ್ಕೊಳಗಾದ ಮುಸ್ಲಿಮರಿಗೆ ಆತ್ಮರಕ್ಷಣೆಗಾಗಿ ಹೋರಾಡುವ ಅನುಮತಿ ಮೊದಲು ಬಂದದ್ದು ಅಲ್ಲಿ. ಆ ಅನುಮತಿಗೆ ಅಲ್ಲಾಹನು ಕೊಟ್ಟ ಕಾರಣವೂ ಅಲ್ಲೇ ಇದೆ. ಅಲ್ಲಾಹನು ಜನರಲ್ಲಿ ಕೆಲವರನ್ನು ಇನ್ನು ಕೆಲವರ ಮೂಲಕ ತಡೆಯದಿರುತ್ತಿದ್ದರೆ ಸನ್ಯಾಸಿಗಳ ಮಠಗಳು, ಚರ್ಚುಗಳು, ಯಹೂದಿಗಳ ಆರಾಧನಾಲಯಗಳು ಮತ್ತು ಅಲ್ಲಾಹನ ನಾಮ ಸ್ಮರಿಸಲಾಗುವ ಮಸೀದಿಗಳು ನೆಲಸಮವಾಗುತ್ತಿದ್ದವು ಎಂಬುದು ಅದರ ಆಶಯ.

ಕ್ರಮವನ್ನು ನೋಡಿ. ಮೊದಲು ಮಠ, ನಂತರ ಚರ್ಚ್, ನಂತರ ಯಹೂದಿಗಳ ಆರಾಧನಾಲಯ. ಮಸೀದಿ ಕೊನೆಗೆ. ನಮ್ಮ ಮಸೀದಿಗೆ ಕಲ್ಲು ಬಿದ್ದರೆ ನಮ್ಮ ರಕ್ತ ಕುದಿಯುತ್ತದೆ. ಅದು ಸಹಜ. ಆದರೆ ಇನ್ನೊಬ್ಬರ ಆರಾಧನಾಲಯಕ್ಕೆ ಕಲ್ಲು ಬಿದ್ದಾಗ ನಮ್ಮ ಮನಸ್ಸು ತಣ್ಣಗಿದ್ದರೆ, ನಾವು ಈ ವಚನವನ್ನು ಕೊನೆಯಿಂದ ಓದಿ ಒಂದೇ ಪದಕ್ಕೆ ನಿಲ್ಲಿಸಿದ್ದೇವೆ ಎಂದರ್ಥ.

ಹ. ಅಬೂಬಕರ್ ಸಿದ್ದೀಕ್(ರ) ಶಾಮ್‌ನತ್ತ ಸೇನೆಯನ್ನು ಕಳುಹಿಸುವಾಗ ಯಝೀದ್ ಬಿನ್ ಅಬೂಸುಫ್ಯಾನ್(ರ)ರಿಗೆ ಕೊಟ್ಟ ಉಪದೇಶಗಳೂ ಮುವತ್ತಾದಲ್ಲಿವೆ. ಅಲ್ಲಾಹನಿಗಾಗಿ ತಮ್ಮನ್ನು ಮೀಸಲಿಟ್ಟಿದ್ದೇವೆ ಎನ್ನುವ ಜನರು ನಿಮಗೆ ಸಿಗುವರು, ಅವರನ್ನು ಅವರ ಪಾಡಿಗೆ ಬಿಟ್ಟುಬಿಡಿ ಎಂದರು. ಸ್ತ್ರೀಯರನ್ನು, ಮಕ್ಕಳನ್ನು, ವೃದ್ಧರನ್ನು ಕೊಲ್ಲಬೇಡಿ, ಫಲ ಕೊಡುವ ಮರವನ್ನು ಕಡಿಯಬೇಡಿ ಎಂದೂ ಹೇಳಿದರು. ಯುದ್ಧದ ಬಿಸಿಯಲ್ಲೂ ಸನ್ಯಾಸಿಯ ಬಾಗಿಲನ್ನು ಮುಟ್ಟಬಾರದೆಂದಾದರೆ, ಶಾಂತಿಯ ದಿನಗಳಲ್ಲಿ ನೆರೆಮನೆಯವನ ಬಾಗಿಲಿನ ಹಕ್ಕು ಎಷ್ಟಿರಬೇಡ?

ಒಂದು ಪತ್ರದ ಬಗ್ಗೆ

ಸೀನಾ ಮಠದ ಹೆಸರು ಬಂದಾಗಲೆಲ್ಲ ವಾಟ್ಸಾಪಿನಲ್ಲಿ ಒಂದು ಪತ್ರ ಓಡಾಡುತ್ತದೆ. ಪ್ರವಾದಿ(ಸ) ಆ ಮಠದ ಸನ್ಯಾಸಿಗಳಿಗೆ ಬರೆಸಿಕೊಟ್ಟ ಅಭಯಪತ್ರವಂತೆ, ಅದರ ಮೇಲೆ ಅವರ ಕೈಯ ಗುರುತಿದೆಯಂತೆ. ಅದಕ್ಕೆ ಅಶ್ತಿನಾಮೆ ಎಂದು ಹೆಸರು. ಮೂಲ ಪ್ರತಿಯನ್ನು 1517ರಲ್ಲಿ ಉಸ್ಮಾನೀ ಸುಲ್ತಾನ ಸಲೀಮ್ ಇಸ್ತಂಬುಲ್‌ಗೆ ಒಯ್ದನೆಂದು ಮಠದವರು ಹೇಳುತ್ತಾರೆ. ಪ್ರತಿಗಳು ಮಠದಲ್ಲಿವೆ.

ಈ ಪತ್ರದ ಬಗ್ಗೆ ನಾನು ಇಷ್ಟು ಮಾತ್ರ ಹೇಳುತ್ತೇನೆ. ಹದೀಸ್‌ನ ಪ್ರಮುಖ ಗ್ರಂಥಗಳಲ್ಲಿ ಅದು ಇಲ್ಲ. ಅನೇಕ ಇತಿಹಾಸಕಾರರು ಅದರ ಪ್ರಾಮಾಣಿಕತೆಯನ್ನು ಒಪ್ಪಿಲ್ಲ. ಪ್ರವಾದಿ(ಸ)ರ ಹೆಸರಿನಲ್ಲಿ ಖಚಿತವಿಲ್ಲದ ಮಾತನ್ನು ಹರಡುವುದು ಎಷ್ಟು ಗಂಭೀರ ವಿಷಯವೆಂದು ನಿಮಗೆ ಗೊತ್ತು. ಒಳ್ಳೆಯ ಉದ್ದೇಶವೆಂಬುದು ಅದಕ್ಕೆ ಸಬೂಬು ಆಗದು. ನಮಗೆ ಆ ಪತ್ರದ ಅಗತ್ಯವೂ ಇಲ್ಲ. ಒಪ್ಪಂದದಲ್ಲಿರುವ ಮುಸ್ಲಿಮೇತರನ ಮೇಲೆ ಯಾರಾದರೂ ಅನ್ಯಾಯ ಮಾಡಿದರೆ ಅಂತ್ಯದಿನದಲ್ಲಿ ತಾನೇ ಅವನ ವಿರುದ್ಧ ವಾದಿಸುವೆನೆಂದು ಪ್ರವಾದಿ(ಸ) ಹೇಳಿದ್ದು ಅಬೂದಾವೂದ್‌ನಲ್ಲಿದೆ. ಅಂಥವನನ್ನು ಕೊಂದವನು ಸ್ವರ್ಗದ ಪರಿಮಳವನ್ನೂ ಪಡೆಯಲಾರನೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಅಲ್ಲಾಹನ ನ್ಯಾಯಾಲಯದಲ್ಲಿ ಪ್ರವಾದಿ(ಸ)ರೇ ನಮ್ಮ ವಿರುದ್ಧ ನಿಂತರೆ ನಮ್ಮ ಪರವಾಗಿ ನಿಲ್ಲುವವರು ಯಾರು?

ಸಂದೇಹವಿಲ್ಲದ ದಾಖಲೆಗಳು ಆ ಮಠದಲ್ಲಿ ಬೇರೆಯೇ ಇವೆ. ಫಾತಿಮೀ, ಅಯ್ಯೂಬೀ, ಮಮ್ಲೂಕ್, ಉಸ್ಮಾನೀ ಆಡಳಿತಗಾರರು ಶತಮಾನಗಳುದ್ದಕ್ಕೂ ಮಠದ ರಕ್ಷಣೆಗಾಗಿ ಹೊರಡಿಸಿದ ಫರ್ಮಾನುಗಳು ಅಲ್ಲಿ ಸುರಕ್ಷಿತವಾಗಿವೆ. ಇನ್ನೊಂದು ಸಂಗತಿ ಕೇಳಿ. ಎಂಟು, ಒಂಬತ್ತನೇ ಶತಮಾನಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿಗಳೇ ಚರ್ಚುಗಳ ಧಾರ್ಮಿಕ ಚಿತ್ರಗಳನ್ನು ನಾಶಪಡಿಸಲು ಆಜ್ಞೆ ಹೊರಡಿಸಿದರು. ಅವರ ಸಾಮ್ರಾಜ್ಯದಲ್ಲಿ ಹಳೆಯ ಚಿತ್ರಗಳು ಹೆಚ್ಚಿನವು ನಾಶವಾದವು. ಸೀನಾದಲ್ಲಿ ಉಳಿದವು. ಯಾಕೆಂದರೆ ಸೀನಾ ಆಗ ಮುಸ್ಲಿಮರ ಆಳ್ವಿಕೆಯಲ್ಲಿತ್ತು, ಚಕ್ರವರ್ತಿಯ ಆಜ್ಞೆ ಅಲ್ಲಿಗೆ ತಲುಪುತ್ತಿರಲಿಲ್ಲ. ಆರಾಧನೆಯಲ್ಲಿ ಚಿತ್ರಗಳನ್ನು ನಾವು ಒಪ್ಪುವುದಿಲ್ಲ. ಆದರೂ ಅವರ ಮನೆಯೊಳಗೆ ನುಗ್ಗಿ ಅವುಗಳನ್ನು ಒಡೆಯುವುದು ನಮ್ಮ ಕೆಲಸವೆಂದು ಆ ಕಾಲದ ಮುಸ್ಲಿಮರು ಭಾವಿಸಲಿಲ್ಲ.

ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. ಬಚ್ಚಿಟ್ಟು ಪ್ರಯೋಜನವಿಲ್ಲ. 2017ರ ಏಪ್ರಿಲ್‌ನಲ್ಲಿ ಆ ಮಠಕ್ಕೆ ಹೋಗುವ ದಾರಿಯ ಪೊಲೀಸ್ ತಪಾಸಣಾ ಠಾಣೆಯ ಮೇಲೆ ಬಂದೂಕುಧಾರಿಗಳು ದಾಳಿ ಮಾಡಿದರು. ಒಬ್ಬ ಪೊಲೀಸ್ ಪ್ರಾಣ ಕಳೆದುಕೊಂಡರು, ಕೆಲವರು ಗಾಯಗೊಂಡರು. ಇಸ್ಲಾಮಿನ ಹೆಸರು ಹೇಳಿಕೊಳ್ಳುವ ಐಸಿಸ್ ಅದರ ಹೊಣೆ ಹೊತ್ತುಕೊಂಡಿತು. ಸೂರಃ ಅಲ್ ಹಜ್ಜ್‌ನ ಆ ವಚನ ಯಾರನ್ನು ತಡೆಯಬೇಕೆಂದು ಹೇಳುತ್ತದೋ ಅವರ ಸಾಲಿನಲ್ಲಿ ಅವರು ಹೋಗಿ ನಿಂತರು.

ಕಾವಲುಗಾರನ ಮಾತು

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು.

ಬೆಟ್ಟದಿಂದ ಇಳಿದು ಬೆಳಗ್ಗೆ ಮಠದ ಬಾಗಿಲು ತೆರೆದಾಗ ಒಳಗೆ ಹೋದೆವು. ಅಲ್ಲಿ ಒಂದು ಎತ್ತರದ ಕಲ್ಲುಕಟ್ಟೆಯ ಮೇಲಿಂದ ಮುಳ್ಳಿನ ಹಸಿರು ಪೊದೆಯೊಂದು ಇಳಿಬಿದ್ದಿದೆ. ಮೂಸಾ(ಅ)ರಿಗೆ ಕರೆ ಬಂದದ್ದು ಆ ಪೊದೆಯಿಂದಲೇ ಎಂಬುದು ಕ್ರೈಸ್ತರ ನಂಬಿಕೆ. ಪಕ್ಕದಲ್ಲಿ ಅದರ ಹೆಸರಿನ ಸಣ್ಣ ಪ್ರಾರ್ಥನಾ ಕೋಣೆಯಿದೆ. ಅದನ್ನು ಪ್ರವೇಶಿಸುವಾಗ ಇಂದಿಗೂ ಪಾದರಕ್ಷೆ ಕಳಚುತ್ತಾರೆ. ಮೂಸಾ(ಅ)ರಿಗೆ ಬಂದ ಆಜ್ಞೆಯ ನೆನಪಿಗಾಗಿ.

ನಮ್ಮ ತಂಡದಲ್ಲಿ ಒಬ್ಬ ಹಿರಿಯರಿದ್ದರು. ಅನುಕೂಲಸ್ಥರು, ಧಾರಾಳವಾಗಿ ದಾನ ಮಾಡುವವರು. ಅವರು ಜನರ ನಡುವೆ ಜೋರಾಗಿ ಮಾತನಾಡುತ್ತಾ ಮುಂದೆ ಹೋಗಿ, ಬರ್ಕತ್‌ಗೆಂದು ಆ ಪೊದೆಯ ಒಂದು ರೆಂಬೆಯನ್ನು ಮುರಿಯಲು ಕೈ ಹಾಕಿದರು. ಅಲ್ಲಿ ನಿಂತು ಪ್ರಾರ್ಥಿಸುತ್ತಿದ್ದ ಒಬ್ಬ ವೃದ್ಧ ಮಹಿಳೆ ಬೆಚ್ಚಿ ಹಿಂದೆ ಸರಿದರು. ಬರ್ಕತ್ ಕೊಡುವವನು ಅಲ್ಲಾಹನೇ ಹೊರತು ಎಲೆಯಲ್ಲ ಎಂದು ಹೇಳಬೇಕಾದವನು ನಾನು. ಇದು ಇನ್ನೊಬ್ಬರ ಆರಾಧನಾಲಯ ಎಂದು ನೆನಪಿಸಬೇಕಾದವನೂ ನಾನು. ಎರಡನ್ನೂ ಹೇಳಲಿಲ್ಲ. ಹಿರಿಯರಿಗೆ ಬೇಸರವಾದೀತೆಂದು ಸುಮ್ಮನಿದ್ದೆ.

ಅಷ್ಟರಲ್ಲಿ ಕಾವಲಿಗೆ ನಿಂತಿದ್ದ ಒಬ್ಬ ಬದೂವಿ ಬಂದರು. ಗದರಲಿಲ್ಲ. ಮೊದಲು ಸಲಾಮ್ ಹೇಳಿದರು. ಹಿರಿಯರ ಕೈಯನ್ನು ಮೆಲ್ಲನೆ ಹಿಡಿದು ಅರಬಿಯಲ್ಲಿ, "ಹಾಜಿ, ಇದು ನಮ್ಮ ಬಳಿ ಇರುವ ಅಮಾನತ್" ಎಂದರು. ಅಷ್ಟೇ.

ಅವರು ಜಬಾಲಿಯಾ ಕುಲದವರು. ಜಬಾಲಿಯಾ ಎಂದರೆ ಬೆಟ್ಟದ ಜನ. ಮಠದ ರಕ್ಷಣೆಗೂ ಸೇವೆಗೂ ಜಸ್ಟಿನಿಯನ್ ಕರೆತಂದು ನೆಲೆಗೊಳಿಸಿದ ಕುಟುಂಬಗಳ ಸಂತತಿ ಅವರೆಂದು ಪರಂಪರೆ ಹೇಳುತ್ತದೆ. ನಂತರ ಆ ಜನರು ಇಸ್ಲಾಮ್ ಸ್ವೀಕರಿಸಿದರು. ಧರ್ಮ ಬದಲಾಯಿತು, ಕೆಲಸ ಬದಲಾಗಲಿಲ್ಲ. ತಲೆಮಾರುಗಳಿಂದ ಮಠದ ತೋಟ ನೋಡಿಕೊಳ್ಳುವವರು ಅವರೇ, ಯಾತ್ರಿಕರಿಗೆ ಬೆಟ್ಟದ ದಾರಿ ತೋರಿಸುವವರು ಅವರೇ, ಒಂಟೆ ನಡೆಸುವವರು ಅವರೇ. ಮಠದಿಂದ ಅವರ ಮನೆಗಳಿಗೆ ರೊಟ್ಟಿ ಹೋಗುತ್ತಿತ್ತು, ಅವರಿಂದ ಮಠಕ್ಕೆ ಕಾವಲು ಸಿಗುತ್ತಿತ್ತು.

ಅಂದು ಝುಹರ್‌ಗೆ ಊರಿನ ಮಸೀದಿಗೆ ಹೋದಾಗ ಅದೇ ವ್ಯಕ್ತಿ ನನ್ನ ಪಕ್ಕದಲ್ಲೇ ಸಾಲಿನಲ್ಲಿ ನಿಂತರು. ಭುಜಕ್ಕೆ ಭುಜ ತಾಗಿತು. ಕ್ರೈಸ್ತರ ಮಠ ಕಾದುದರಿಂದ ಅವರ ತೌಹೀದ್ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಸುಮ್ಮನಿದ್ದುದರಿಂದ ನನ್ನ ಅಮಾನತ್ ಕಡಿಮೆಯಾಗಿತ್ತು. ಆ ನಮಾಝಿನಲ್ಲಿ ನನಗೆ ತಲೆ ಎತ್ತಲಾಗಲಿಲ್ಲ.

ಇನ್ನು ನಮ್ಮ ರಸ್ತೆಗೆ ಬರೋಣ

ಆರಂಭದಲ್ಲಿ ಹೇಳಿದ ಘಟನೆ ಇದು. ನಮ್ಮ ಮಸೀದಿಯಿಂದ ಐವತ್ತು ಹೆಜ್ಜೆ ದೂರದಲ್ಲಿ ಒಂದು ಚರ್ಚ್ ಇದೆ. ನಾವು ಹುಟ್ಟುವ ಮೊದಲಿನಿಂದಲೂ ಇದೆ. ಕಳೆದ ತಿಂಗಳು ಆ ಶುಕ್ರವಾರ ಮಧ್ಯಾಹ್ನ ಅಲ್ಲಿಗೆ ಒಬ್ಬ ತಾಯಿಯ ಮೃತದೇಹವನ್ನು ತಂದರು. ಗೇಟಿನ ಮುಂದೆ ನಮ್ಮ ಸ್ಕೂಟರುಗಳು, ಬೈಕುಗಳು ಎರಡು ಸಾಲಿನಲ್ಲಿ ನಿಂತಿದ್ದವು. ಹ್ಯಾಂಡಲ್ ಲಾಕ್ ಹಾಕಿದ್ದರಿಂದ ಸರಿಸಲೂ ಆಗಲಿಲ್ಲ. ನಾವು ಒಳಗೆ ಖುತ್ಬಾ ಕೇಳುತ್ತಿದ್ದೆವು. ನಾನು ಇಲ್ಲೇ ನಿಂತು ನೆರೆಯವರ ಹಕ್ಕಿನ ಬಗ್ಗೆ ಮಾತನಾಡುತ್ತಿದ್ದೆ. ಹೊರಗೆ ಬಿಸಿಲಿನಲ್ಲಿ ಆ ಮಕ್ಕಳು ತಾಯಿಯ ಮೃತದೇಹದೊಂದಿಗೆ ಕಾಯುತ್ತಿದ್ದರು. ನಾವು ಸಲಾಮ್ ಹೇಳಿ ಹೊರಗೆ ಬರುವವರೆಗೂ ಕಾದರು.

ಅವರು ಒಂದು ಮಾತೂ ದೂರು ಹೇಳಲಿಲ್ಲ. ನಮಾಝಿಗೆ ಅಡ್ಡಿಯಾಗಬಾರದೆಂದು ಒಳಗೆ ಬಂದು ಕರೆಯಲೂ ಇಲ್ಲ. ಎದುರಿನ ಅಂಗಡಿಯವರು ಮರುದಿನ ಹೇಳಿದ್ದರಿಂದ ನನಗೆ ಗೊತ್ತಾಯಿತು.

ಸಹೋದರರೇ, ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು. ಅದು ಯಹೂದಿಯದ್ದೆಂದು ಸಹಾಬಿಗಳು ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಕೇಳಿದರೆಂದು ಬುಖಾರಿಯಲ್ಲಿದೆ. ಅವರು ಎದ್ದು ನಿಂತರು. ಅವರ ಅನುಯಾಯಿಗಳಾದ ನಾವು ದಾರಿಗೆ ಅಡ್ಡ ನಿಂತೆವು. ದಾರಿಯಿಂದ ತೊಂದರೆಯನ್ನು ನಿವಾರಿಸುವುದು ಈಮಾನಿನ ಒಂದು ಶಾಖೆ ಎಂದು ನಮ್ಮ ಮದ್ರಸದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಮಸೀದಿಯ ಮೆಟ್ಟಿಲಲ್ಲಿ ಚಪ್ಪಲಿ ಕಳಚಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಚಪ್ಪಲಿ ಕಳಚಿಸಿದ ಆ ಅದಬ್ ಗೇಟಿನ ಹೊರಗಿನ ಐವತ್ತು ಹೆಜ್ಜೆಗೂ ಹೋಗಬೇಕಲ್ಲವೇ?

ಎರಡನೇ ಖುತ್ಬಾ

ಸಹೋದರರೇ, ಮಾತು ಸಾಕು, ಮೂರು ಕೆಲಸಗಳನ್ನು ಹೇಳುತ್ತೇನೆ.

ಒಂದನೆಯದು, ಕ್ಷಮೆ ಕೇಳುವುದು. ನಮ್ಮ ಜಮಾಅತಿನ ಅಧ್ಯಕ್ಷರೂ ನಾನೂ ಮೊನ್ನೆ ಆ ಮನೆಗೆ ಹೋಗಿದ್ದೆವು. ಹಿರಿಯ ಮಗ ನಮ್ಮನ್ನು ಕೂರಿಸಿ, "ಅಮ್ಮನಿಗೆ ನಿಮ್ಮ ಬಾಂಗಿನಿಂದಲೇ ಹೊತ್ತು ಗೊತ್ತಾಗುತ್ತಿತ್ತು" ಎಂದರು. ಅದಕ್ಕೆ ಕೊಡಲು ನಮ್ಮ ಬಳಿ ಉತ್ತರ ಇರಲಿಲ್ಲ. ಚರ್ಚಿನ ಗುರುಗಳನ್ನೂ ಕಂಡು ಬಂದೆವು.

ಎರಡನೆಯದು, ಇಂದಿನಿಂದ ಚರ್ಚ್ ಗೇಟಿನ ಎರಡೂ ಬದಿಗೆ ಹಗ್ಗ ಕಟ್ಟಲಾಗಿದೆ. ಅದರೊಳಗೆ ಯಾರೂ ವಾಹನ ನಿಲ್ಲಿಸಬಾರದು. ಅವರ ಗೇಟು ಮುಚ್ಚಿದ್ದರೂ ಸರಿ, ನಮಗೆ ತಡವಾಗಿದ್ದರೂ ಸರಿ. ಪ್ರತಿ ಜುಮಾಕ್ಕೆ ಇಬ್ಬರು ಯುವಕರು ಬಾಂಗಿಗೆ ಮೊದಲೇ ಬಂದು, ಅಲ್ಲಿ ವಾಹನ ನಿಲ್ಲಿಸಲು ಬರುವವರನ್ನು ಶಾಲೆಯ ಮೈದಾನಕ್ಕೆ ಕಳುಹಿಸುವರು. ಈಗಾಗಲೇ ಎಂಟು ಮಂದಿ ಹೆಸರು ಕೊಟ್ಟಿದ್ದಾರೆ. ಆ ಕೆಲಸ ಮಾಡುವ ಯುವಕರೊಂದಿಗೆ ವಾದಿಸಬೇಡಿ. ಅವರು ಕಾಯುತ್ತಿರುವುದು ಅಮಾನತ್.

ಮೂರನೆಯದು ನಮ್ಮ ಮನೆಗಳ ಒಳಗಿನದು. ಇನ್ನೊಬ್ಬರು ಪವಿತ್ರವೆಂದು ಭಾವಿಸುವುದರ ಬಗ್ಗೆ ಮಕ್ಕಳ ಮುಂದೆ ಹಗುರವಾಗಿ ಮಾತನಾಡಬೇಡಿ. ಅಲ್ಲಾಹನನ್ನು ಬಿಟ್ಟು ಇತರರು ಪ್ರಾರ್ಥಿಸುವವರನ್ನು ನಿಂದಿಸಬಾರದೆಂದು ಸೂರಃ ಅಲ್ ಅನ್‌ಆಮ್ ನಮ್ಮನ್ನು ತಡೆದಿದೆ. ನಮ್ಮ ವಿಶ್ವಾಸ ಏನು, ಅವರದ್ದಕ್ಕಿಂತ ಹೇಗೆ ಬೇರೆ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಕಲಿಸಿರಿ. ಅದರ ಜೊತೆಗೇ, ಬೇರೆ ಇರುವವರೊಂದಿಗೆ ನ್ಯಾಯದಿಂದಲೂ ಒಳಿತಿನಿಂದಲೂ ನಡೆಯಬೇಕೆಂದು ಸೂರಃ ಅಲ್ ಮುಮ್ತಹಿನಾ ಹೇಳುವುದನ್ನೂ ಕಲಿಸಿರಿ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸಿದರೆ ಪಾಠ ಅರ್ಧವಾಗುತ್ತದೆ.

ಮೂಸಾ(ಅ) ಒಂದು ಕೊಳ್ಳಿ ಬೆಂಕಿಗಾಗಿ ಹೋಗಿ ಪಾದರಕ್ಷೆ ಕಳಚಿ ನಿಂತರು. ನಾವು ನಡೆಯುವ ದಾರಿಯಲ್ಲೂ ಅಂಥ ಜಾಗಗಳಿವೆ, ಅಂಥ ಬಾಗಿಲುಗಳಿವೆ.

ಅಲ್ಲಾಹನೇ, ನಮ್ಮ ತೌಹೀದ್ ಅನ್ನು ಗಟ್ಟಿಗೊಳಿಸು, ನಮ್ಮ ಅಹಂಕಾರವನ್ನು ಕರಗಿಸು. ನಮ್ಮ ಮಸೀದಿಗಳನ್ನೂ ನಮ್ಮ ನೆರೆಯವರ ಆರಾಧನಾಲಯಗಳನ್ನೂ ಅಕ್ರಮಿಗಳ ಕೈಯಿಂದ ಕಾಪಾಡು. ನಾವೇ ಅಕ್ರಮಿಗಳಾಗದಂತೆ ನಮ್ಮನ್ನು ಕಾಪಾಡು. ತಾಯಿಯನ್ನು ಕಳೆದುಕೊಂಡ ಆ ಮನೆಯವರಿಗೆ ಸಹನೆಯನ್ನೂ ಸಾಂತ್ವನವನ್ನೂ ನೀಡು. ಅಂದು ನಮ್ಮಿಂದಾದ ತಪ್ಪನ್ನು ಮನ್ನಿಸು. ನಮ್ಮ ಬಳಿ ಇರುವ ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸುವ ಸೌಭಾಗ್ಯ ನ��ಡು. ಆಮೀನ್.